ತೂಕಕ್ಕೆ ಬಂದ ನೆರೆಯವರು

ಭೂಮಿಯ ಸೆಳೆತ ಸಡಿಲವಾದ ಮೇಲೆ ನಮ್ಮೂರಿನ ಕಟ್ಟಡಗಳು ನೆಲ ಬಿಡದಿರಲು ಒಳಗೆ ಸಾಕಷ್ಟು ಜನ ಬೇಕು. ಖಾಲಿಯಿದ್ದರೆ ಸರಪಳಿ ಬಿಗಿಯುತ್ತೇವೆ. ಜನರಿರುವಾಗ ಬಿಚ್ಚಲೇಬೇಕೆಂಬುದು ನಿಯಮ.

ನಮ್ಮ ಪ್ರಾಟೆಸ್ಟೆಂಟ್ ಚರ್ಚಿಗೆ ಬರುವವರೇ ಕಡಿಮೆ. ಹೀಗಾಗಿ ನನ್ನ ಮಗುವಿನ ದೀಕ್ಷಾಸ್ನಾನ ಎರಡು ಸಲ ಅರ್ಧಕ್ಕೇ ನಿಂತಿತ್ತು. ಈ ಸಲವೂ ಸಭಾಪಾಲಕ ಸತ್ಯಪ್ರಿಯ ಅಯ್ಯನವರು ಬೊಗಸೆಯಲ್ಲಿ ನೀರೆತ್ತುವಷ್ಟರಲ್ಲಿ ಚರ್ಚು ಒಂದು ಗೇಣು ಎದ್ದಿತು. ರಾತ್ರಿಯಿಡೀ ಅತ್ತ ಮಗು ಆಗಷ್ಟೇ ನಿದ್ದೆ ಹೋಗಿತ್ತು.

ಎದುರಿನ ಕಥೋಲಿಕ ಇಗರ್ಜಿಯಲ್ಲಿ ಪೂಜೆ ಮುಗಿದಿತ್ತು, ಜನ ಇನ್ನೂ ಒಳಗಿದ್ದರು; ನೆರೆಮನೆಯ ಜೆಸಿಂತಾ ಬಾಯಿ ಬಾಗಿಲಲ್ಲೇ ಕಂಡರು. ನಾನು ಕಿಟಕಿಯಿಂದ ಕೂಗಿದೆ: "ಜೆಸಿಂತಾ ಬಾಯಿ, ಸ್ವಲ್ಪ ಬಂದು ಕೂತ್ಕೊಳ್ಳಿ ಮಾರಾಯ್ರೆ!"

"ನಿಮ್ಮ ಪ್ರಾರ್ಥನೆ ನಮಗೆ ಬರುದಿಲ್ಲಲ್ಲ!"

"ಪ್ರಾರ್ಥನೆ ಬೇಡ, ತೂಕ ಸಾಕು!"

ಅವರೂ ಅವರ ಫಾದರ್ ಬೊನವೆಂಚರ್ ಅವರೂ ಇಡೀ ಸಭೆಯೊಂದಿಗೆ ಓಡಿಬಂದು ನಮ್ಮ ಬೆಂಚುಗಳಲ್ಲಿ ಕುಳಿತರು. ಚರ್ಚು ಧಡ್ಡನೆ ಇಳಿಯಿತು. ಅಯ್ಯನವರು ಮತ್ತೆ ಬೊಗಸೆ ತುಂಬಿಕೊಂಡರು.

ಅಷ್ಟರಲ್ಲಿ ಜೆಸಿಂತಾ ಬಾಯಿ ಚೀರಿದರು: "ಫಾದರ್, ಸರಪಳಿ ಹಾಕಿದ್ದೀರಾ? ನಮ್ಮ ಇಗರ್ಜಿ ಹೋಗ್ತಾ ಉಂಟು!"

ಬಂದವರೆಲ್ಲ ಹೊರಗೆ ಓಡಿದರು. ನಮ್ಮ ಚರ್ಚೂ ಎದ್ದಿತು. ಉಳಿದ ನಾವು ಮಲಗಿದ್ದ ಮಗುವನ್ನೆತ್ತಿಕೊಂಡು ಹೊರಗೆ ಧುಮುಕಿದೆವು. ಎರಡೂ ತೆಂಗಿನ ಮರದೆತ್ತರಕ್ಕೆ ಹೋಗಿ ತೇಲಾಡತೊಡಗಿದವು. ಎಲ್ಲರೂ ರಸ್ತೆಯ ಮಧ್ಯೆ ನಿಂತೆವು. ಅಯ್ಯನವರ ಬೊಗಸೆ ಖಾಲಿ.

ಫಾದರ್ ನಿಲುವಂಗಿಯ ಜೇಬಿನಿಂದ ಬಾಟಲಿ ತೆಗೆದರು. "ನಮ್ಮ ಪವಿತ್ರ ಜಲ ಆದೀತಾ ಅಯ್ಯನವರೇ?"

"ಆಗದೆ ಎಂತ ಫಾದರ್? ಮಗು ಏಳುವ ಮೊದಲು ಹೊಯ್ಯಿರಿ."

ಫಾದರ್ ಹೊಯ್ದರು, ಅಯ್ಯನವರು ಬೊಗಸೆಯೊಡ್ಡಿ ನೆತ್ತಿಗೆ ಮುಟ್ಟಿಸಿದರು. ಮಗು ಅಲುಗಲಿಲ್ಲ. ಕೊನೆಗೆ ಎರಡೂ ಸಭೆಯವರು ಒಟ್ಟಿಗೇ "ಆಮೆನ್" ಎಂದರು ನೋಡಿ, ಎಷ್ಟು ಗಟ್ಟಿಯಾಗಿ ಎಂದರೆ ಮಗು ಎದ್ದೇಬಿಟ್ಟಿತು.