ಬಿಗಿದ ಚೈನು

ಹಿನ್ನೀರಿನ ಕೆಸರಿನಲ್ಲಿ ಹೂತುಹೋಗದೆ ಓಡಲೆಂದು ಸಾವುಕಾರರ ಜೀಪಿನ ನಾಲ್ಕೂ ಗಾಲಿ ಬಿಚ್ಚಿ, ಮೌನೇಶಪ್ಪ ಬಡಿಗೇರರು ಅವುಗಳ ಜಾಗಕ್ಕೆ ಯುದ್ಧದ ಟ್ಯಾಂಕಿಗಿರುವಂಥ ರಬ್ಬರಿನ ಚೈನು ಕೂಡಿಸುತ್ತಿದ್ದರು. ಹೋದ ವರ್ಷ ಇದೇ ಸಾವುಕಾರರು, ಬಡಿಗೇರರು ಬೇಡವೆಂದರೂ ಕೇಳದೆ, ಟೈರಿನ ಗಾಡಿ ಕೊಟ್ಟು ಅವರ ಒಬ್ಬನೇ ಮಗನನ್ನು ಮೀನು ತರಲು ಅಲ್ಲಿಗೆ ಅಟ್ಟಿದ್ದರು. ಕೆಸರು ಅವನ ಹೆಣವನ್ನೂ ಕೊಟ್ಟಿರಲಿಲ್ಲ.

ಕೆಸರಿಗಿಳಿಯುವ ಚೈನು ಒಂದಿಷ್ಟು ಸಡಿಲ ಇರಬೇಕು. ಒಳಗೆ ಮಣ್ಣು ತುಂಬಿದಂತೆ ಅದು ತಾನೇ ಬಿಗಿಯುತ್ತದೆ. ಮೊದಲೇ ಬಿಗಿದರೆ ಕೆಸರಿನ ನಡುವೆ ಹರಿದುಹೋಗುತ್ತದೆ. ಯಾವ ಕೆಲಸಕ್ಕೂ ದೇವರನ್ನು ನೆನೆದೇ ಕೈಹಾಕುವ ಬಡಿಗೇರರು ಇಂದು ನೆನೆಯಲಿಲ್ಲ. ಪಾನಾ ಹಿಡಿದು ಚೈನಿನ ಬೋಲ್ಟನ್ನು ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿದರು.

ಸಾವುಕಾರರು ಚೈನಿಗೆ ಒದ್ದು ನೋಡಿದರು. “ಗಟ್ಟಿ ಐತೇನೋ ಬಡಿಗೇರ?”

“ತಂತಿ ಬಿಗಿದಂಗ ಐತ್ರಿ. ಯಾರು ಹೊಂಟಾರ್ರಿ?”

“ಈ ಸಲ ನಾನ ಹೋಗಾಂವ. ಮತ್ತೊಬ್ಬರ ಮಗನ್ನ ಕಳಸಂಗಿಲ್ಲಪಾ.”

ಬಡಿಗೇರರ ಕೈ ಒಂದು ಗಳಿಗೆ ಪಾನಾದ ಮೇಲೆಯೇ ನಿಂತಿತು. ಆಮೇಲೆ ಅದನ್ನು ಒರೆಸಿ ಪೆಟ್ಟಿಗೆಗೆ ಹಾಕಿದರು.

“ಹೋಗಿ ಬರ್ರಿ,” ಎಂದರು.

ಜೀಪು ಊರೊಳಗೆ ಹಾಯ್ದು, ಹಿನ್ನೀರಿನ ಕಡೆಗೆ ಅದರ ಸದ್ದು ಅಡಗಿದ ಮೇಲೆ ಅವರು ಕೈ ತೊಳೆದು ಮನೆಗೆ ಬಂದರು. ಬಾಗಿಲಿಗೆ ಚಿಲಕ ಹಾಕಿತ್ತು. ಹೆಂಡತಿಯ ಹೆಸರು ಹಿಡಿದು ಕೂಗಿದರು.

ಪಕ್ಕದ ಮನೆಯ ಸೊಸೆ ಹೊರಗೆ ಬಂದಳು.

“ಕಾಕು ಸಾವುಕಾರ್ರ ಗಾಡಿ ಹತ್ತಿ ಹೋದ್ರು ಕಾಕಾ. ಮಗ ಮುಳುಗಿದ ಜಾಗಕ್ಕ ಹೂ ಏರಿಸಿ ಬರ್ತೀನಿ, ನಿಮಗ ಹೇಳಿದ್ರ ಬ್ಯಾಡ ಅಂತೀರಿ ಅಂದ್ರು.”