ಎರವಲು ತಂದ ಅಚ್ಚು

ಮಣ್ಣಿಗೆ ಬಂದ ನಂಟರೆಲ್ಲ ಊರಿಗೆ ಮರಳಿದ ಮೇಲಿನ ಮೊದಲ ಮುಂಜಾನೆ ಖೂಬಾ ಪ್ಲಾಟಿನ ಆ ಮನೆಗೆ ಎಂದಿನಂತೆ ಹಾಲು ಬಂತು, ನಳ ಬಂತು, ಅದರ ಹಿಂದೆಯೇ ಕಮಲಾಪುರದಿಂದ ಗುಲಾಮ್ ರಸೂಲ್ ಬಂದ. ಸತ್ತ ನಾಗಣ್ಣನ ಗೆಳೆಯ. ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದ, ನಾಗಣ್ಣನ ತಾಯಿ ಶಂಕ್ರಮ್ಮನ ಜೊತೆ ಬಿಸಿಲಿನ ಬಗ್ಗೆ, ಆಕೆಯ ಮಂಡಿನೋವಿನ ಬಗ್ಗೆ ಮಾತಾಡಿದ. ಎದ್ದು ಹೋಗುವಾಗ ಅಂಗಳದ ಮೂಲೆಯ ಕಡೆ ತಪ್ಪಿಯೂ ನೋಡಲಿಲ್ಲ. ನೋಡದೆ ಹೋದದ್ದೇ ನಾಗಣ್ಣನ ಹೆಂಡತಿ ಕಸ್ತೂರಿಗೆ ಎದ್ದು ಕಂಡಿತು. ಗೇಟು ದಾಟಿ ಅವನು ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ವರ್ಷಾನುಗಟ್ಟಲೆ ಟ್ಯಾಕ್ಸಿ ಓಡಿಸಿದವನು ಬಸ್ಸಿಗೆ ಬಂದಿದ್ದ.

ಅಂಗಳದ ಮೂಲೆಯಲ್ಲಿ ತಾಡಪತ್ರಿಯ ಹೊದಿಕೆಯ ಕೆಳಗೆ ನಾಗಣ್ಣ ಸ್ವಂತ ಕೈಯಿಂದ ಕಟ್ಟಿದ ಕಾರು ನಿಂತಿತ್ತು. ಎರಡೇ ಸೀಟು, ಮೇಲೆ ಟಾಪಿಲ್ಲ, ಪೈಪಿನ ಹಂದರಕ್ಕೆ ತೆಳು ತಗಡು. ಮೊದಲು ಅದಕ್ಕೆ ಆಟೋರಿಕ್ಷಾದ ಎಂಜಿನ್ನಿತ್ತು. ಏರು ಬಂದರೆ ಕೆಮ್ಮಿ ನಿಂತುಬಿಡುತ್ತಿತ್ತು. ಈ ವರ್ಷ ಅದನ್ನು ಬಿಚ್ಚಿಹಾಕಿ ಗುಜರಿಯಿಂದ ತಂದ ಫಿಯೆಟ್ಟಿನ ಎಂಜಿನ್ನು, ಗೇರ್‌ಬಾಕ್ಸು ಕೂರಿಸಿದ. ಕುಳಿತವರ ಎಲುಬು ಎಣಿಸುತ್ತಿದ್ದ ಪಾಟಾ ಸ್ಪ್ರಿಂಗುಗಳನ್ನು ತೆಗೆದು ಸುರುಳಿ ಸ್ಪ್ರಿಂಗು ಹಾಕಿದ. ಹಿಂದಿನ ಗಾಲಿ ತಿರುಗಿಸುವ ಅಚ್ಚು ಮಾತ್ರ ಗುಜರಿಯಲ್ಲಿ ಸಿಗಲಿಲ್ಲ. ಆಗ ರಸೂಲನ ಫಿಯೆಟ್ ಟ್ಯಾಕ್ಸಿಯ ಎಂಜಿನ್ನು ರಿಪೇರಿಗೆ ಹೋಗಿತ್ತು. ಅದು ಬರುವತನಕ ಸುಮ್ಮನೆ ಬಿದ್ದಿರುವ ಅಚ್ಚು ಕೊಡು, ಒಮ್ಮೆ ಹಾಕಿ ನೋಡುತ್ತೇನೆ ಎಂದು ನಾಗಣ್ಣ ಕೇಳಿ ತಂದಿದ್ದ. ಎರವಲು ಮಾಲೆಂದು ಎಲ್ಲಿಯೂ ವೆಲ್ಡಿಂಗ್ ಮುಟ್ಟಿಸದೆ ಪಟ್ಟಿ ಹಾಕಿ ಬಿಗಿದ. ಓಣಿಯಲ್ಲಿ ಹಿಂದೆ ಮುಂದೆ ಮಾಡಿ ನೋಡಿದ. ದೊಡ್ಡ ರಸ್ತೆಗೆ ಒಯ್ಯುವ ಮೊದಲೇ ಅವನಿಗೆ ಕಾಮಾಲೆ ಹಿಡಿಯಿತು; ಮತ್ತೆ ಮೇಲೇಳಲಿಲ್ಲ.

ಈಗ ಲಗ್ನಸರಾಯಿ ಶುರುವಾಗಿತ್ತು, ಟ್ಯಾಕ್ಸಿಯವರಿಗೆ ದುಡಿಮೆಯ ಕಾಲ. ಕಸ್ತೂರಿ ತಾಡಪತ್ರಿ ಎಳೆದಳು. ಶಂಕ್ರಮ್ಮ ಬಾಗಿಲಿಗೆ ಬಂದು ನಿಂತಳು. ಮಗನ ಕೈ ಆಡಿದ ಗಾಡಿ ಇದ್ದಂತೆಯೇ ಇರಬೇಕೆಂದು ಆಕೆ ನಂಟರೆದುರು ಹೇಳಿದ್ದಳು, ಸ್ಟೇರಿಂಗಿಗೆ ವಿಭೂತಿ ಹಚ್ಚಿದ್ದಳು.

"ಅವ ಏನೂ ಕೇಳಿಲ್ಲಲ್ಲ," ಎಂದಳು.

"ಕೇಳಾಂಗಿಲ್ರಿ ಅತ್ತಿ. ಸಾವಾದ ಮನ್ಯಾಗ ಹ್ಯಾಂಗ ಕೇಳ್ತಾರ?"

"ಅಚ್ಚು ತಗದ್ರ ನನ್ನ ಮಗನ ಗಾಡಿ ಕುಂಟಾಗಿ ಕೂಡ್ತದಲ್ಲ."

"ಅವರ ಗಾಡಿ ಈಗ ಹಂಗs ಕುಂತದ್ರಿ."

ಇಲ್ಲಿ ಬಿಚ್ಚಿದರೆ ಸಾಗಿಸಲು ಟೆಂಪೋ ಬೇಕು, ಓಡಿಸಿಕೊಂಡೇ ಹೋಗುತ್ತೇನೆ ಎಂದಳು ಕಸ್ತೂರಿ. ಯೂನಿವರ್ಸಿಟಿಯ ಖಾಲಿ ರಸ್ತೆಯಲ್ಲಿ ನಾಗಣ್ಣ ಅವಳಿಗೆ ಗಾಡಿ ಕಲಿಸಿದ್ದ. ಮಂದಿ ಏನಂದುಕೊಂಡಾರು ಎಂಬ ಮಾತು ಶಂಕ್ರಮ್ಮನ ತುಟಿಗೆ ಬಂದು ಅಲ್ಲೇ ನಿಂತಿತು. ಕೊನೆಗೆ ಆಕೆ ಹೇಳಿದ್ದು ಇಷ್ಟೇ: "ತಲಿ ಮ್ಯಾಲ ಸೆರಗ ಹೊತ್ಕೊಂಡ ಹೋಗು."

ಜಗತ್ ಸರ್ಕಲ್ಲಿನಲ್ಲಿ ಚಹಾ ಕುಡಿಯುತ್ತಿದ್ದವರು ಕಪ್ಪು ಹಿಡಿದೇ ಎದ್ದು ನಿಂತರು. ಊರು ದಾಟಿದ ಮೇಲೆ ಸೆರಗು ನಿಲ್ಲಲಿಲ್ಲ, ಅವಳೂ ಹಿಡಿಯಲಿಲ್ಲ. ಮಹಾಗಾಂವ ಕ್ರಾಸಿನ ಆಚೆಯ ಏರನ್ನು ಕಾರು ಗೇರು ಇಳಿಸದೆ ಹತ್ತಿತು. ತಗ್ಗುಗಳು ಗಾಲಿಗೆ ಬಡಿದವು, ಬೆನ್ನಿಗೆ ಬಡಿಯಲಿಲ್ಲ. ನಾಗಣ್ಣ ಅಂದುಕೊಂಡದ್ದೆಲ್ಲ ಸರಿಯಿತ್ತು. ಕಸ್ತೂರಿಗೆ ಅಳು ಬರಲಿಲ್ಲ. ಗಾಡಿ ಚೆನ್ನಾಗಿದೆ ಎಂದಷ್ಟೇ ಅನಿಸಿತು. ಕಮಲಾಪುರ ಬಂದಾಗ, ಹೀಗೇ ಹುಮನಾಬಾದಿನವರೆಗೆ ಹೋಗಿಬಿಡಬಹುದಲ್ಲ ಎಂದೂ ಅನಿಸಿತು. ಕೈ ಹೊರಗೆ ಚಾಚಿ ಕಾರನ್ನು ಊರೊಳಗೆ ತಿರುಗಿಸಿದಳು.

ರಸೂಲನ ಮನೆ ಮುಂದೆ ಫಿಯೆಟ್ಟು ಹಿಂಭಾಗವನ್ನು ಕಲ್ಲುಗಳ ಮೇಲೆ ಇಟ್ಟುಕೊಂಡು ನಿಂತಿತ್ತು. ಎಂಜಿನ್ನು ವಾಪಸು ಬಂದು ಕೂತಿತ್ತು. ಅವನ ಹೆಂಡತಿ ಜಾಹೇದಾ ಅದರ ಬಾನೆಟ್ಟಿನ ಮೇಲೆ ಮೆಣಸಿನಕಾಯಿ ಒಣಹಾಕಿದ್ದಳು. ಕಾರಿನಿಂದ ಇಳಿದವಳನ್ನು ಕಂಡು ಕಾಯಿಗಳನ್ನು ಬೇಗಬೇಗ ಬಾಚಿಕೊಂಡಳು.

"ಭಾಬಿ, ಖುದಾ ಕಸಮ್, ನಾ ಕೇಳಾಕ ಬಂದಿದ್ದಿಲ್ರಿ," ಎಂದ ರಸೂಲ್.

"ಬಸ್ಸಿಗೆ ಬಂದಿದ್ರಿ," ಎಂದಳು ಕಸ್ತೂರಿ.

ರಸೂಲ್ ಪಕ್ಕದ ಮನೆಯ ದೌಲಪ್ಪನನ್ನು ಕರೆದ, ಇಬ್ಬರೂ ಕೈಹಚ್ಚಿದರು. ನಾಗಣ್ಣ ಬಿಗಿದ ಪಟ್ಟಿಗಳು ಸಲೀಸಾಗಿ ಬಿಚ್ಚಿದವು. ಬಿಸಿಲು ಇಳಿಯುವ ಹೊತ್ತಿಗೆ ಅಚ್ಚು ಫಿಯೆಟ್ಟಿನ ಕೆಳಗೆ ಸೇರಿತು; ಫಿಯೆಟ್ಟಿನ ಕಲ್ಲುಗಳು ನಾಗಣ್ಣನ ಕಾರಿನ ಕೆಳಗೆ ಬಂದವು. ಬೇರೆ ಅಚ್ಚು ಸಿಗುವತನಕ ಅದು ಇಲ್ಲೇ ಇರಲಿ, ಮಗುವನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತೇನೆ ಎಂದ ರಸೂಲ್.

ಇನ್ನು ಉಳಿದದ್ದು ಫಿಯೆಟ್ಟಿನ ಬ್ರೇಕಿನ ಪೈಪಿನೊಳಗಿನ ಹವಾ ತೆಗೆಯುವುದು. ಒಬ್ಬರು ಗಾಡಿಯ ಕೆಳಗೆ ಮಲಗಿ ನಟ್ಟು ಸಡಿಲಿಸಬೇಕು, ಒಬ್ಬರು ಮೇಲೆ ಕುಳಿತು ಪೆಡಲು ಒತ್ತಬೇಕು. ದೌಲಪ್ಪ ಎಮ್ಮೆ ಹಿಂಡಲು ಹೋಗಿದ್ದ, ಜಾಹೇದಾ ಪೆಡಲಿಗೆ ಹೆದರಿದಳು. ಕಸ್ತೂರಿ ಹತ್ತಿ ಕುಳಿತಳು. ಹೇಗೆ ಒತ್ತಬೇಕೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಮದುವೆಯಾದಾಗಿನಿಂದ ಅವಳ ಎಷ್ಟೋ ಸಂಜೆಗಳು ಹೀಗೇ ಕಳೆದಿದ್ದವು: ನಾಗಣ್ಣ ಕೆಳಗೆ, ಅವಳು ಮೇಲೆ, ನಡುವೆ ಅವನ ದನಿಯೊಂದೇ.

"ಒತ್ತ್ರಿ," ಎಂದಿತು ಕೆಳಗಿನ ದನಿ. ಒತ್ತಿದಳು. "ಹಾಂ, ಹಿಡೀರಿ." ಹಿಡಿದಳು. "ಬಿಡ್ರಿ. ಮತ್ತ ಒತ್ತ್ರಿ."

ಸ್ವಲ್ಪ ಹೊತ್ತಿಗೆ ರಸೂಲ್ ಹೊರಗೆ ಸರಿದು ಎದ್ದು ಕೈ ಒರೆಸಿಕೊಂಡ. "ಹವಾ ಎಲ್ಲಾ ಹೋಯ್ತ್ರಿ ಭಾಬಿ. ಗಾಡಿ ತಯಾರಾತು. ಇಳೀರಿ, ಚಹಾ ಕುಡೀರಿ, ಆಮ್ಯಾಲ ನಾನs ಮನಿಗೆ ಬಿಟ್ಟು ಬರ್ತೀನಿ."

ಕಸ್ತೂರಿ ಇಳಿಯಲಿಲ್ಲ. "ಇನ್ನೊಮ್ಮೆ ನೋಡ್ರಿ," ಎಂದಳು.

"ಏನೂ ಉಳಿದಿಲ್ರಿ."

"ನೋಡ್ರಿ ರಸೂಲ್ ಭಾಯಿ. ಇನ್ನೊಂದು ಸಲ."

ಪೆಡಲಿನ ಮೇಲಿಂದ ಕಾಲು ತೆಗೆಯದೆ ಅವಳು ನೇರ ಮುಂದೆ ನೋಡುತ್ತಿದ್ದಳು. ರಸೂಲ್ ನಟ್ಟಿನ ಪಾನಾ ತೆಗೆದುಕೊಂಡು ಗೋಣಿಚೀಲದ ಮೇಲೆ ಬೆನ್ನು ಹಾಕಿ ಮತ್ತೆ ಗಾಡಿಯ ಕೆಳಗೆ ಸರಿದ.

"ಹಾಂ, ಒತ್ತ್ರಿ," ಎಂಬ ದನಿ ಕೆಳಗಿನಿಂದ ಬಂತು.