ಫಕೀರಪ್ಪನ ಹೆಸರಿನ ಬಾಟ್ಲಿ

"ಫಕೀರಪ್ಪ! ಸಾಸವಡ ಮೋಟಾರಿನ ಡ್ರೈವರ್ ಫಕೀರಪ್ಪ! ಎದೆಬಡಿತ, ಕೈನಡುಕ, ಸುಮ್ಮಸುಮ್ಮನೆ ಹೆದರಿಕೆ!"

ದವಾಖಾನೆಯ ಕಿಟಕಿಯಿಂದ ಕಾಂಪೌಂಡರ್ ಮರಾಠಿಯಲ್ಲಿ ಹೀಗೆ ಕೂಗಿದಾಗ ಬೆಂಚಿನ ಮೇಲೆ ಕೂತಿದ್ದ ಫಕೀರಪ್ಪನ ಜೀವ ಬಾಯಿಗೆ ಬಂತು. ಅಲ್ಲ, ಅವನು ಇಲ್ಲಿ ಹೇಳಿದ್ದ ಹೆಸರು ಮಾರ್ತಾಂಡ! ಕಸುಬು, ಅರಿವೆ ವ್ಯಾಪಾರ. ಮೋಟಾರು ಸ್ಟ್ಯಾಂಡಿನ ಮಗ್ಗುಲಲ್ಲೇ ಡಾಕ್ಟರು ಇರುವಾಗ ಇಡೀ ಪುಣೆ ದಾಟಿ ರವಿವಾರ ಪೇಠೆಯೆಂಬ ಈ ಬಡಾವಣೆಗೆ ಬಂದದ್ದೇ ಯಾರ ಕಣ್ಣಿಗೂ ಬೀಳಬಾರದೆಂದು. ಪರದೆಯ ಹಿಂದೆ ಡಾಕ್ಟರು ಮೆಲ್ಲಗೆ ಕೇಳಿದ್ದರು, ಇವನೂ ಮೆಲ್ಲಗೇ ಹೇಳಿದ್ದ. ಆದರೆ ಕಾಂಪೌಂಡರನ ರೀತಿಯೇ ಬೇರೆ. ಹಿಂದೊಮ್ಮೆ ಭೇದಿಯ ಔಷಧ ಕೆಮ್ಮಿನವನ ಕೈಗೆ ಹೋಗಿ ಫಜೀತಿಯಾದಾಗಿನಿಂದ ಅವನು ಹೆಸರು, ಕಸುಬು, ರೋಗ ಮೂರನ್ನೂ ಡಂಗುರ ಸಾರಿಯೇ ಬಾಟ್ಲಿ ಕೊಡುತ್ತಿದ್ದ.

ಯುದ್ಧ ಶುರುವಾಗಿ, ಪೆಟ್ರೋಲು ಸಿಗದೆ ಮೋಟಾರನ್ನು ಇದ್ದಿಲಿನ ಗ್ಯಾಸಿನ ಮೇಲೆ ಓಡಿಸತೊಡಗಿದಂದಿನಿಂದ ಫಕೀರಪ್ಪನಿಗೆ ಈ ಕಾಟ. ಸಾಸವಡದ ದಾರಿಯ ದಿವೆ ಘಾಟಿನ ಏರಿನಲ್ಲಿ ಗಾಡಿ ಏದುಸಿರು ಬಿಟ್ಟಿತೆಂದರೆ ಸಾಕು, ಇನ್ನೇನು ಹಿಂದಕ್ಕೆ ಜಾರಿತು, ಮಂದಿಯೆಲ್ಲ ಕಣಿವೆಗೆ ಬಿದ್ದರು ಎನ್ನಿಸಿ ಅವನ ಕೈ ಥರಗುಟ್ಟುತ್ತಿತ್ತು. ಮಾಲೀಕರಿಗೆ ತಿಳಿದರೆ ಕೆಲಸ ಹೋದಂತೆಯೇ. ನಡುಗುವ ಕೈಗೆ ಯಾವ ಪುಣ್ಯಾತ್ಮ ಮೋಟಾರು ಕೊಟ್ಟಾನು? ಹೆಂಡತಿ ಕಲ್ಲವ್ವನ ಮುಂದೆಯೂ ಅವನು ಬಾಯಿ ಬಿಟ್ಟಿರಲಿಲ್ಲ.

ಯಾರೋ ಗುರುತು ಹಿಡಿದು ಹೇಳಿಕೊಟ್ಟಿದ್ದಾರೆ, ಮುಗಿಯಿತು ನನ್ನ ಕಥೆ ಎಂದು ಅವನು ಟೋಪಿಯನ್ನು ಹಣೆಗೆ ಎಳೆದುಕೊಂಡ. ಪಕ್ಕದ ಹೆಂಗಸು ಗಂಡನ ತೋಳು ಜಗ್ಗಿ, ನಾಳೆ ಆ ಸಾಸವಡದ ಮೋಟಾರು ಬೇಡವೇ ಬೇಡ ಎಂದು ಮರಾಠಿಯಲ್ಲಿ ಪಿಸುಗುಟ್ಟಿದಳು. ಅಂಜಿಕೆಗೆ ಔಷಧ ಕೇಳಲು ಬಂದವನಿಗೆ ಅಂಜಿಕೆ ಇಮ್ಮಡಿಯಾಯಿತು.

ಅಷ್ಟರಲ್ಲಿ ಮೂಲೆಯಲ್ಲಿ ಮಫ್ಲರಿನಿಂದ ಮುಖ ಮುಚ್ಚಿಕೊಂಡು ಕೂತಿದ್ದವರೊಬ್ಬರು ಎದ್ದು, "ನಾನೇ ಫಕೀರಪ್ಪ" ಎನ್ನುತ್ತ ಕಿಟಕಿಗೆ ಹೋದರು. ಬಾಟ್ಲಿ ತೆಗೆದುಕೊಂಡು ತಿರುಗುವಾಗ ಮಫ್ಲರು ಜಾರಿತು. ಅಯ್ಯೋ ಶಿವನೇ, ಅವರು ಮೋಟಾರಿನ ಮಾಲೀಕರಾದ ಅಪ್ಪಾಸಾಹೇಬರು! ಕಣ್ಣಿಗೆ ಕಣ್ಣು ಬಿದ್ದದ್ದೇ ತಡ, ಅವರು ಬಂದು ಇವನ ಪಕ್ಕ ಕುಸಿದು ಕೂತು ಕನ್ನಡದಲ್ಲಿ ಪಿಸುಗುಟ್ಟಿದರು.

"ನೀ ಇಲ್ಲ್ಯಾಕೋ, ಫಕೀರಪ್ಪಾ?"

"ಬಾಜೂ ಮನಿಯವ್ರ ಸಂಗಾಟ ಬಂದೇನ್ರಿ, ಧಣ್ಯಾರ."

"ಎಲ್ಲಾ ಕೇಳಿದಿ ಹೌದಲ್ಲೊ? ತಪ್ಪ ತಿಳ್ಕೋಬ್ಯಾಡೋ ಮಾರಾಯಾ. ಮಗಳ ಲಗ್ನದ ಮಾತು ನಡದಾವ. ಹೆಣ್ಣಿನ ಅಪ್ಪಗ ತಲಿ ನೆಟ್ಟಗಿಲ್ಲ ಅಂತ ಸುದ್ದಿ ಹೋದ್ರ ಯಾವ ಬೀಗ್ರು ನಮ್ಮ ಹೊಸ್ತಲಾ ತುಳೀತಾರ? ಡಾಕ್ಟರ್ ಹೆಸರ ಕೇಳಿದ್ರು, ಬಾಯಿಗೆ ನಿಂದ ಬಂತು."

"ನಂದ ಯಾಕ್ರಿ?"

"ನಿನ್ನಂಥಾ ಗಟ್ಟಿ ಎದಿಯಾಂವ ಅಂಜತಾನ ಅಂದ್ರ ಯಾರು ನಂಬ್ತಾರೋ? ನಿನಗೇನೂ ಧಕ್ಕಿ ಇಲ್ಲ ಅಂತ ಹೇಳಿದೆ."

"ಮಾರ್ತಾಂಡ! ಅರಿವೆ ವ್ಯಾಪಾರಿ ಮಾರ್ತಾಂಡ!" ಕಾಂಪೌಂಡರ್ ಮತ್ತೆ ಕೂಗಿದ. "ಇವನಿಗೂ ಎದೆಬಡಿತ, ಕೈನಡುಕ!"

ಎದ್ದು ಹೋಗಿ ಬಾಟ್ಲಿ ಕಸಿದುಕೊಂಡು ಅಲ್ಲೇ ಗಟಗಟ ಕುಡಿದುಬಿಡಬೇಕು ಅನ್ನಿಸಿತು ಫಕೀರಪ್ಪನಿಗೆ. ಆದರೆ ಎದ್ದರೆ ಅನ್ನಕ್ಕೇ ಸಂಚಕಾರ. ಕಾಂಪೌಂಡರ್ ಮತ್ತೊಮ್ಮೆ ಕೂಗಿ, ಗೊಣಗಿ, ಆ ಬಾಟ್ಲಿಯನ್ನು ಹಿಂದಿನ ಕಪಾಟಿನಲ್ಲಿಟ್ಟ. ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಪಾಪ, ಅವಂದೂ ನನ್ನಂಥಾದ ಜಡ್ಡು. ನಾಚಿ ಓಡಿಹೋಗಿರಬೇಕು," ಎಂದರು ಅಪ್ಪಾಸಾಹೇಬರು.

ಫಕೀರಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ಅಪ್ಪಾಸಾಹೇಬರು ಬಾಟ್ಲಿಯನ್ನು ಕೋಟಿನ ಕಿಸೆಗೆ ಇಳಿಬಿಟ್ಟು, ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ನಾಳೆ ಮಗಳನ್ನ ಕರಕೊಂಡು ನಿನ್ನ ಮೋಟಾರಿನ್ಯಾಗ ಸಾಸವಡಕ್ಕ ಹೊಂಟೇನಿ. ಘಾಟ ಅಂದ್ರ ನನಗ ಜೀವಾನ ಹೋಗ್ತದ. ನಿನ್ನ ಬಾಜೂಕ ಕುಂದ್ರತೀನಿ ತಡಿ. ನಿನ್ನ ಕೈ ನೋಡಕೋತ ಕುಂತ್ರ ಭಾಳ ಧೈರ್ಯಾ ಬರ್ತದೋ."